ಬಿದ್ದವರ ಲೆಕ್ಕದ ಪುಸ್ತಕ

ಹೋದ ವರ್ಷ ಅಕ್ಕನ ಮಗ ಮನೆಗೆ ಬಂದವನೇ ಕೇಳಿದ. "ಮಾಮ, ಡರ್ಟ್ ಬೈಕ್ ತಗೋತೀನಿ. ಟೂ ಸ್ಟ್ರೋಕಾ, ಫೋರ್ ಸ್ಟ್ರೋಕಾ? ಯಾವುದ್ರಲ್ಲಿ ಪೆಟ್ಟು ಕಮ್ಮಿ?" ಅಕ್ಕ ಪಕ್ಕದಲ್ಲೇ ಕೂತಿದ್ದಳು. ಎರಡೂ ಬೇಡ ಅನ್ನು ಅಂತ ಕಣ್ಣಲ್ಲೇ ಹೇಳುತ್ತಿದ್ದಳು.

ನಾನು ಬಾಯಿ ಬಿಡಲಿಲ್ಲ. ಬೀರುವಿನಿಂದ ಒಂದು ಉದ್ದನೆಯ ನೋಟ್‌ಬುಕ್ ತಂದು ಅವನ ಮುಂದೆ ಇಟ್ಟೆ. ಭಾನುವಾರ ಮಣ್ಣಿನ ಟ್ರ್ಯಾಕಿನಲ್ಲಿ ಡರ್ಟ್ ಬೈಕ್ ಓಡಿಸುವ ನಮ್ಮ ಗುಂಪಿನಲ್ಲಿ ಯಾರು, ಯಾವಾಗ, ಹೇಗೆ ಬಿದ್ದರು ಅನ್ನೋದೆಲ್ಲ ಅದರಲ್ಲಿದೆ. ಮೊದಲ ಹೆಸರು ನನ್ನದೇ.

ರಾಜಾಜಿನಗರದಲ್ಲಿ ನನ್ನದೊಂದು ಸಣ್ಣ ಗ್ಯಾರೇಜ್. ನನ್ನ ವಯಸ್ಸಿನ ಬೆಂಗಳೂರು ಹುಡುಗರಿಗೆಲ್ಲ ಮೊದಲ ಮೇಷ್ಟ್ರು ಯಮಹಾ ಆರ್‌ಎಕ್ಸ್ 100. 98 ಸಿಸಿ ಟೂ ಸ್ಟ್ರೋಕ್, 11 ಹಾರ್ಸ್‌ಪವರ್. ಟೂ ಸ್ಟ್ರೋಕ್ ಅಂದರೆ ಪಿಸ್ಟನ್ ಒಂದು ಸಲ ಮೇಲೆ ಕೆಳಗೆ ಹೋಗಿ ಬರುವಷ್ಟರಲ್ಲಿ ಒಮ್ಮೆ ಪೆಟ್ರೋಲ್ ಉರಿಯುವ ಇಂಜಿನ್. ಫೋರ್ ಸ್ಟ್ರೋಕ್‌ನಲ್ಲಿ ಪಿಸ್ಟನ್ ಎರಡು ಸಲ ಹೋಗಿ ಬರಬೇಕು. ಮಡ್‌ಗಾರ್ಡ್ ಕಿತ್ತು, ಗುಂಡಿ ಗುಂಡಿ ಟೈರ್ ಹಾಕಿ, ಇನ್ನೂ ಮನೆ ಏಳದ ಲೇಔಟ್‌ಗಳಲ್ಲಿ ಹಾರಿಸುತ್ತಿದ್ದೆವು. ಆಯಿಲ್ ಪಂಪ್ ತೆಗೆದು ಪೆಟ್ರೋಲಿಗೇ ಆಯಿಲ್ ಬೆರೆಸುತ್ತಿದ್ದೆವು. ಒಂದು ಸಲ ಆಯಿಲ್ ಕಮ್ಮಿ ಬಿತ್ತು. ಮೂರನೇ ಗೇರಲ್ಲಿ ಪಿಸ್ಟನ್ ಕಚ್ಚಿಕೊಂಡಿತು, ಹಿಂದಿನ ಚಕ್ರ ಹಾಗೇ ಲಾಕ್. ಮೊಣಕೈ ಚರ್ಮ ಪೂರಾ ಹೋಯಿತು. ತಕ್ಷಣ ಕ್ಲಚ್ ಹಿಡಿದಿದ್ದರೆ ಚಕ್ರ ಬಿಡುತ್ತಿತ್ತು. ಅವತ್ತಿನಿಂದ ಎಡಗೈಯ ಎರಡು ಬೆರಳು ಕ್ಲಚ್ ಬಿಟ್ಟು ಕದಲಿಲ್ಲ. ಇವತ್ತಿಗೂ ಅಷ್ಟೇ, ಸ್ಕೂಟರ್ ಓಡಿಸುವಾಗಲೂ ಬೆರಳು ಕ್ಲಚ್ ಹುಡುಕುತ್ತದೆ. ಹೆಂಡತಿ ನಗುತ್ತಾಳೆ.

ಆಮೇಲೆ ಕಾಲ ಬದಲಾಯಿತು. 1997ರಲ್ಲಿ ಡಗ್ ಹೆನ್ರಿ ಅನ್ನೋ ಅಮೆರಿಕದ ರೈಡರ್ ಯಮಹಾದ 400 ಸಿಸಿ ಫೋರ್ ಸ್ಟ್ರೋಕ್‌ನಲ್ಲಿ ಲಾಸ್ ವೇಗಸ್ ಸೂಪರ್‌ಕ್ರಾಸ್, ಅಂದರೆ ಸ್ಟೇಡಿಯಂ ಒಳಗೆ ಮಣ್ಣು ಸುರಿದು ನಡೆಸುವ ರೇಸ್, ಗೆದ್ದ. ಮರುವರ್ಷ ವೈಝಡ್ 400 ಎಫ್ ಗಾಡಿಯಲ್ಲಿ ಬಯಲಿನ ಮಣ್ಣಿನ ಟ್ರ್ಯಾಕಲ್ಲಿ ನಡೆಯುವ ಅಲ್ಲಿನ ಮೋಟೋಕ್ರಾಸ್‌ನಲ್ಲಿ ಚಾಂಪಿಯನ್ನೂ ಆದ. 125 ಟೂ ಸ್ಟ್ರೋಕ್ ಓಡುವ ಕ್ಲಾಸಿನಲ್ಲೇ 250 ಫೋರ್ ಸ್ಟ್ರೋಕ್ ಓಡಬಹುದು ಅಂತ ರೂಲ್ಸ್ ಇತ್ತು. ಹೆಚ್ಚು ಕಮ್ಮಿ ಎರಡರಷ್ಟು ಸಿಸಿ! ಕೆಲವೇ ವರ್ಷಗಳಲ್ಲಿ ದೊಡ್ಡ ರೇಸ್‌ಗಳಲ್ಲಿ ಟೂ ಸ್ಟ್ರೋಕ್ ಹೊಗೆ ಕಾಣೋದೇ ಅಪರೂಪ ಆಯಿತು. ಅದರ ಹಿಂದೆಯೇ ಒಂದು ಜಗಳ ಹುಟ್ಟಿಕೊಂಡಿತು: ಫೋರ್ ಸ್ಟ್ರೋಕ್ ಬಂದ ಮೇಲೆ ಮೂಳೆ ಮುರಿಯೋದು ಜಾಸ್ತಿ ಆಯಿತಾ?

ನಮ್ಮ ಗುಂಪಿನಲ್ಲೂ ಟೀ ಕುಡಿಯುವಾಗಲೆಲ್ಲ ಇದೇ ಮಾತು. ದೇವನಹಳ್ಳಿ ಕಡೆ ಒಬ್ಬರ ಜಮೀನಿನಲ್ಲಿ ನಮ್ಮ ಟ್ರ್ಯಾಕ್. ಟಾಟಾ ಏಸ್‌ನಲ್ಲಿ ಗಾಡಿ ಹೇರಿಕೊಂಡು ಬೆಳಗಿನ ಜಾವವೇ ಹೊರಡುತ್ತೇವೆ. ಮರುಭೂಮಿಯಲ್ಲಿ ದಿನಗಟ್ಟಲೆ ನಡೆಯುವ ಡಕಾರ್ ರ್‍ಯಾಲಿ ಮುಗಿಸಿದ ಮೊದಲ ಭಾರತೀಯ ನಮ್ಮ ಬೆಂಗಳೂರಿನ ಸಿ.ಎಸ್. ಸಂತೋಷ್. 2021ರಲ್ಲಿ ಅದೇ ರೇಸಿನಲ್ಲಿ, ಸೌದಿಯಲ್ಲಿ, ಅವರು ಬಿದ್ದು ತಲೆಗೆ ಜೋರು ಪೆಟ್ಟಾದಾಗ ಒಬ್ಬ ಗೆಳೆಯ "ನೋಡಿದ್ಯಾ, 450 ಫೋರ್ ಸ್ಟ್ರೋಕ್" ಅಂದ. ನನಗೆ ಸಿಟ್ಟು ಬಂತು. ಅಲ್ಲಿ ಹೆಚ್ಚು ಕಮ್ಮಿ ಎಲ್ಲರ ಹತ್ತಿರ ಇರೋದೇ 450 ಫೋರ್ ಸ್ಟ್ರೋಕ್. ಇನ್ನು ಯಾವುದಕ್ಕೆ ಹೋಲಿಸೋದು? ಸುಮ್ನೆ ಮಾತಾಡೋದಕ್ಕಿಂತ ಬರೆದಿಡೋಣ ಅಂತ ಈ ಪುಸ್ತಕ ಶುರು ಮಾಡಿದೆ.

ಗೀಟು ಎಳೆದು ಕಾಲಂ ಮಾಡಿದೆ. ತಾರೀಕು, ಗಾಡಿ, ಇಂಜಿನ್, ಮಣ್ಣು ಒಣಗಿತ್ತಾ ಒದ್ದೆಯಾ, ಎಲ್ಲಿ ಬಿದ್ದಿದ್ದು, ದೇಹದ ಯಾವ ಭಾಗಕ್ಕೆ ಪೆಟ್ಟು, ಎಷ್ಟು ದಿನ ರಜೆ. ಮೊದಲ ವರ್ಷ ಮುಗಿದಾಗ ಫೋರ್ ಸ್ಟ್ರೋಕ್ ಪುಟಗಳೇ ದಪ್ಪ. ನಾನು ಉತ್ತರ ಸಿಕ್ಕವನ ಹಾಗೆ ಹೆಂಡತಿಗೆ ತೋರಿಸಿದೆ. ಅವಳು ಹೈಸ್ಕೂಲಿನಲ್ಲಿ ಗಣಿತದ ಟೀಚರ್.

"ರೀ, ಯಾರು ಎಷ್ಟು ಹೊತ್ತು ಓಡಿಸಿದ್ರು ಅಂತ ಎಲ್ಲಿ ಬರೆದಿದ್ದೀರಾ?"

"ಅದ್ಯಾಕೆ?"

"ಮಲ್ಲೇಶ್ವರದ ನಮ್ಮ ಗಲ್ಲಿಗಿಂತ ಮೆಜೆಸ್ಟಿಕ್‌ನಲ್ಲಿ ಜಾಸ್ತಿ ಜನ ಎಡವಿ ಬೀಳ್ತಾರೆ. ಅಲ್ಲಿನ ನೆಲ ಸರಿ ಇಲ್ಲ ಅಂತಲಾ? ಓಡಾಡೋರೇ ಜಾಸ್ತಿ ಅಲ್ವಾ?"

ಒಂದು ವರ್ಷದ ಲೆಕ್ಕ ಅಲ್ಲಿಗೆ ಮುಗಿಯಿತು. ಫೋರ್ ಸ್ಟ್ರೋಕ್‌ನವರಿಗೆಲ್ಲ ಇಂಜಿನ್ ಎಷ್ಟು ಗಂಟೆ ಓಡಿತು ಅಂತ ತೋರಿಸುವ ಅವರ್ ಮೀಟರ್ ಇತ್ತು, ಆಯಿಲ್ ಬದಲಾಯಿಸೋಕೆ ಅದು ಬೇಕೇ ಬೇಕು. ಟೂ ಸ್ಟ್ರೋಕ್‌ನವರಿಗೆ ಆ ಚಿಂತೆ ಇಲ್ಲ. ಸ್ಪಾರ್ಕ್ ಪ್ಲಗ್ ವೈರಿಗೆ ಸುತ್ತಿದರೆ ಸಾಕು ಅನ್ನುವಂಥ ಅಗ್ಗದ ಮೀಟರ್ ತಂದು ಎಲ್ಲರ ಗಾಡಿಗೂ ಕಟ್ಟಿದೆ. ಎರಡನೇ ವರ್ಷ ಓಡಿದ ಗಂಟೆ ಸೇರಿಸಿ ನೋಡಿದಾಗ ವ್ಯತ್ಯಾಸ ತುಂಬಾ ಸಣ್ಣದಾಯಿತು. ಫೋರ್ ಸ್ಟ್ರೋಕ್‌ನವರು ಸುಮ್ನೆ ಜಾಸ್ತಿ ಓಡಿಸುತ್ತಿದ್ದರು, ಅಷ್ಟೇ. ಅದೂ ಅಲ್ಲದೆ 450 ಇದ್ದವರೆಲ್ಲ ನನ್ನ ವಯಸ್ಸಿನವರು. ನಲವತ್ತು ದಾಟಿದವರು, ವಾರವಿಡೀ ಕುರ್ಚಿ ಮೇಲೆ ಕೂತವರು. ಟೂ ಸ್ಟ್ರೋಕ್ 125 ಇದ್ದವರು ಇಪ್ಪತ್ತರ ಹುಡುಗರು. ಬಿದ್ದರೆ ಚೆಂಡಿನ ಹಾಗೆ ಪುಟಿದು ಏಳುತ್ತಾರೆ.

ಎಷ್ಟು ಸಲ ಬಿದ್ದರು ಅನ್ನೋದರಲ್ಲಿ ನನಗೆ ಏನೂ ಸಿಗಲಿಲ್ಲ. 'ಎಲ್ಲಿ ಬಿದ್ದಿದ್ದು' ಅನ್ನೋ ಕಾಲಂನಲ್ಲಿ ಸಿಕ್ಕಿತು.

ಟೂ ಸ್ಟ್ರೋಕ್‌ನವರು ಬೀಳೋದು ತಿರುವಿನಿಂದ ಹೊರಗೆ ಬರುವಾಗ. ಇಂಜಿನ್ ನಿಧಾನ ತಿರುಗುವಾಗ ಪವರ್ ಇಲ್ಲ ಇಲ್ಲ ಅಂತ ಥ್ರಾಟಲ್, ಅಂದರೆ ಆಕ್ಸಿಲರೇಟರ್, ತಿರುಗಿಸುತ್ತಾ ಹೋಗುತ್ತೇವೆ, ಒಂದು ಹಂತಕ್ಕೆ ಬಂದ ಕೂಡಲೇ ಒಟ್ಟಿಗೇ ಬಂದು ಒದೆಯುತ್ತದೆ. ಏಪ್ರಿಲ್‌ನಲ್ಲಿ ನಮ್ಮ ಕೆಂಪು ಮಣ್ಣು ಗಟ್ಟಿ ಹೆಂಚಿನ ಹಾಗೆ ಇರುತ್ತದೆ, ಮೇಲೆ ಸಣ್ಣ ಕಲ್ಲು. ಹಿಂದಿನ ಚಕ್ರ ಜಾರಿ ಪಕ್ಕಕ್ಕೆ ಬೀಳುತ್ತಾರೆ. ಮಂಡಿ, ಅಂಗೈ, ಕಾಲಿನ ಮೀನಖಂಡಕ್ಕೆ ಸೈಲೆನ್ಸರ್ ಸುಟ್ಟ ಗಾಯ.

ಫೋರ್ ಸ್ಟ್ರೋಕ್‌ನವರು ಬೀಳೋದು ಜಂಪ್‌ನಲ್ಲಿ, ಅದೂ ಮುಂದಕ್ಕೆ. ಥ್ರಾಟಲ್ ಬಿಟ್ಟ ಕೂಡಲೇ ಫೋರ್ ಸ್ಟ್ರೋಕ್ ಇಂಜಿನ್ ಬ್ರೇಕ್ ಹಾಕಿದ ಹಾಗೆ ಎಳೆಯುತ್ತದೆ. ಟೂ ಸ್ಟ್ರೋಕ್ ಸುಮ್ಮನೆ ಉರುಳುತ್ತದೆ. ಜಂಪಿನ ತುದಿಯಲ್ಲಿ ಹೆದರಿ ಥ್ರಾಟಲ್ ಬಿಟ್ಟರೆ ಮೂತಿ ಕೆಳಗೆ ಹೋಗುತ್ತದೆ. ಗಾಳಿಯಲ್ಲಿ ಇಂಜಿನ್ ಆಫ್ ಆದರೆ ಇನ್ನೂ ಕಷ್ಟ. ನೆಲದ ಆಸರೆ ಇಲ್ಲದಾಗ ತಿರುಗುತ್ತಿದ್ದ ಹಿಂದಿನ ಚಕ್ರ ನಿಂತರೆ ಆ ತಿರುಗುವಿಕೆ ಪೂರಾ ಗಾಡಿಗೆ ಬರುತ್ತದೆ, ಗಾಡಿಯೇ ಮುಂದಕ್ಕೆ ಮಗುಚುತ್ತದೆ. ನನ್ನ ಕಾಲರ್ ಬೋನ್ ಮುರಿದಿದ್ದು ಹೀಗೇ. ಹಾರುವ ಮೊದಲೇ ಹೆದರಿದ್ದೆ, ಗಾಳಿಯಲ್ಲಿ ಇಂಜಿನ್ ಸದ್ದು ನಿಂತಿತು. ಆ ನಿಶ್ಶಬ್ದ ಇನ್ನೂ ಕಿವಿಯಲ್ಲಿದೆ. ಆಮೇಲೆ ನನ್ನ 250 ಫೋರ್ ಸ್ಟ್ರೋಕ್, ನೂರು ಕೆಜಿ ಮೇಲಿನ ಗಾಡಿ, ನನ್ನ ಬೆನ್ನ ಮೇಲೆ.

ಭುಜ ಸರಿಯಾದ ಮೇಲೆ ಇನ್ನೊಂದು ಕೆಲಸ ಮಾಡಿದೆ. ಒಬ್ಬನೇ ರೈಡರ್, ಒಂದೇ ಟ್ರ್ಯಾಕ್, ಒಂದೇ ಬೆಳಗ್ಗೆ, ಎರಡು ಗಾಡಿ. ಗೆಳೆಯನ 125 ಟೂ ಸ್ಟ್ರೋಕ್ ಎರವಲು ಪಡೆದು ನನ್ನ 250 ಜೊತೆ ಅದಲು ಬದಲು ಮಾಡಿ ಓಡಿಸಿದೆ. 125ರಲ್ಲಿ ಡಬಲ್ ಜಂಪ್, ಅಂದರೆ ಎರಡು ಮಣ್ಣಿನ ದಿಬ್ಬ ಒಂದೇ ಸಲಕ್ಕೆ, ಹಾರಬೇಕಾದರೆ ಹಿಂದಿನ ತಿರುವಿನಿಂದಲೇ ತಯಾರಿ ಬೇಕು. ಗೇರ್ ತಪ್ಪಿದರೆ ಹಾರುವ ಮಾತೇ ಇಲ್ಲ, ಉರುಳಿಕೊಂಡು ದಾಟುತ್ತೇನೆ. 250ರಲ್ಲಿ ಯಾವ ಗೇರಲ್ಲಿದ್ದರೂ ಮುಂದಕ್ಕೆ ಎಳೆಯುತ್ತದೆ. ಕೈ ಸುಸ್ತಾಗಿದ್ದರೂ, ಲೈನ್ ತಪ್ಪಿದ್ದರೂ ಹಾರಿಬಿಡುತ್ತೇನೆ. ನನ್ನ ಪ್ರಕಾರ ಪೆಟ್ಟು ಬರೋದು ಇಲ್ಲಿಂದ. ಹಾರಬಾರದ ಲ್ಯಾಪ್‌ನಲ್ಲೂ ಅದು ಹಾರಿಸುತ್ತದೆ.

ಇದಾದ ಮೇಲೆ ಗಾಡಿಯಲ್ಲಿ ಮಾಡಿಕೊಂಡ ಬದಲಾವಣೆ ಸಣ್ಣದು. ಐಡ್ಲಿಂಗ್, ಅಂದರೆ ಥ್ರಾಟಲ್ ಬಿಟ್ಟಾಗ ಇಂಜಿನ್ ತಿರುಗುವ ವೇಗ, ಸ್ವಲ್ಪ ಏರಿಸಿದೆ. ಇಂಜಿನ್ ಎಳೆತ ಕಮ್ಮಿ ಆಯಿತು, ಆಫ್ ಆಗೋದೂ ನಿಂತಿತು. ಹಿಂದಿನ ಬ್ರೇಕ್ ಪೆಡಲ್ ತಗ್ಗಿಸಿದೆ, ಗಾಳಿಯಲ್ಲಿ ಕಾಲು ತಾಗಬಾರದು ಅಂತ. ಕುತ್ತಿಗೆ ಕಾಯುವ ನೆಕ್ ಬ್ರೇಸ್ ತಗೊಂಡೆ. ಮುಂಗೈ ಕಲ್ಲಿನ ಹಾಗೆ ಬಿಗಿದುಕೊಂಡರೆ ಅವತ್ತಿನ ಮಟ್ಟಿಗೆ ಡಬಲ್ ಜಂಪ್ ಬಂದ್. ಜಂಪಿನ ಆಚೆ ಬಿದ್ದವನು ಹಿಂದಿನವನಿಗೆ ಕಾಣೋದಿಲ್ಲ, ಅದಕ್ಕೆ ಸರದಿ ಪ್ರಕಾರ ಒಬ್ಬ ಹಳದಿ ಬಾವುಟ ಹಿಡಿದು ನಿಲ್ಲಲೇಬೇಕು. ಈ ಬಾವುಟದ ಸರದಿಗೆ ಶುರುವಿನಲ್ಲಿ ಎಲ್ಲರೂ ಗೊಣಗಿದರು.

ಅಕ್ಕನ ಮಗ ಪುಸ್ತಕ ಪೂರ್ತಿ ಓದಿದ. "ಹಾಗಾದ್ರೆ ಯಾವುದು ಮಾಮ?" ಅಂದ. ಮೊದಲ ವರ್ಷ ರೇಸ್ ಗಾಡಿ ಎರಡೂ ಬೇಡ, ಹೀರೋದ ರಸ್ತೆ ಗಾಡಿ, ಹಳೇ ಎಕ್ಸ್‌ಪಲ್ಸ್ 200 ತಗೋ, ಹಾರೋದು ಆಮೇಲೆ ಅಂದೆ. ಅಕ್ಕ ನನ್ನನ್ನೇ ದುರುಗುಟ್ಟಿ ನೋಡಿದಳು, ಆದರೂ ಅವತ್ತು ಊಟ ಹಾಕಿದಳು.

ಅವನ ಮೊದಲ ಎಂಟ್ರಿ ಹೋದ ತಿಂಗಳು ಬಂತು, ಅವನ ಕೈಬರಹದಲ್ಲೇ. ಮಣ್ಣು: ಮಳೆ ಬಂದು ಮೆತ್ತಗೆ. ಎಲ್ಲಿ: ಟೀ ಅಂಗಡಿ ಮುಂದೆ, ಸೈಡ್ ಸ್ಟ್ಯಾಂಡ್ ಮಣ್ಣಲ್ಲಿ ಹೂತುಹೋಗಿ ಗಾಡಿ ಪಾದದ ಮೇಲೆ ಬಿತ್ತು. ರಜೆ: ಹತ್ತು ದಿನ. ಇಂಜಿನ್ ಅನ್ನೋ ಕಾಲಂನಲ್ಲಿ 'ಆಫ್' ಅಂತ ಬರೆದಿದ್ದಾನೆ.