ಟ್ರೆಮೊಲೊ ಆರ್ಮ್ ಲೊಡಲೊಡ ಅಂತಿದೆಯೇ?

ಎಲೆಕ್ಟ್ರಿಕ್ ಗಿಟಾರಿನಲ್ಲಿ ಸ್ವರ ಬಾಗಿಸಲು ಒತ್ತುವ ಲೋಹದ ಕಡ್ಡಿಯೇ ಟ್ರೆಮೊಲೊ ಆರ್ಮ್. ಅದನ್ನು ಒತ್ತಿ ಕೈ ಬಿಟ್ಟರೆ ಸಾಕು, ಜೋತುಬಿದ್ದು ನೆಲ ನೋಡುತ್ತದೆ. ಮತ್ತೆ ಬೇಕೆಂದಾಗ ಕೈಗೆ ಸಿಗುವುದಿಲ್ಲ. ಒತ್ತುವಾಗ ಸ್ವರ ಬಾಗುವ ಮೊದಲು ಟಕ್ ಎಂದು ಸದ್ದು ಬೇರೆ. ಆಗ ಎಲ್ಲರೂ ಮಾಡುವ ಕೆಲಸ ಒಂದೇ: ಇನ್ನಷ್ಟು ಜೋರಾಗಿ ತಿರುಗಿಸಿ ಬಿಗಿ ಮಾಡುವುದು. ದಯವಿಟ್ಟು ಅದೊಂದು ಬೇಡ. ಆರ್ಮಿನ ಮತ್ತು ಅದು ಕೂರುವ ರಂಧ್ರದ ಥ್ರೆಡ್ಡುಗಳ (ತಿರುಪಿನ ಸುರುಳಿ ಗೆರೆಗಳ) ನಡುವೆ ಸಣ್ಣ ಸಂದು ಇದೆ, ಅದನ್ನು ತುಂಬಿದರೆ ಆಯಿತು.

ಮೊದಲು ನಿಮ್ಮದು ಯಾವ ಬಗೆಯ ಬ್ರಿಡ್ಜ್ (ಗಿಟಾರಿನ ಮೈ ಮೇಲೆ ತಂತಿಗಳು ಕೂರುವ ಭಾಗ) ಎಂದು ನೋಡಿ. 1954ರಲ್ಲಿ ಬಂದ ಫೆಂಡರ್ ಸ್ಟ್ರಾಟೊಕ್ಯಾಸ್ಟರಿನ ಮಾದರಿಯಲ್ಲಿ ಆರ್ಮ್ ತಿರುಪಿನಂತೆ ಬ್ರಿಡ್ಜಿನ ಕೆಳಗಿನ ಲೋಹದ ಬ್ಲಾಕಿನೊಳಗೆ ಇಳಿಯುತ್ತದೆ. ಹೆಚ್ಚಿನವರ ಬಳಿ ಇರುವುದು ಇದೇ. (ಸ್ವರ ಏರಿಳಿಸುವುದು ನಿಜಕ್ಕೂ ವೈಬ್ರಾಟೊ. ಟ್ರೆಮೊಲೊ ಅಂದರೆ ಸದ್ದಿನ ಮಟ್ಟ ಏರಿಳಿಯುವುದು. ತಪ್ಪು ಹೆಸರೇ ಉಳಿದುಕೊಂಡಿತು, ಇರಲಿ ಬಿಡಿ.)

ಆರ್ಮನ್ನು ಪೂರ್ತಿ ಬಿಚ್ಚಿ ತೆಗೆಯಿರಿ. ಟಾರ್ಚ್ ಹಾಕಿ ರಂಧ್ರದ ತಳ ನೋಡಿ. ಅನೇಕ ಗಿಟಾರುಗಳಲ್ಲಿ ಅಲ್ಲೊಂದು ಪುಟಾಣಿ ಸ್ಪ್ರಿಂಗ್ ಇರುತ್ತದೆ, ಬಾಲ್‌ಪೆನ್ನಿನ ಸ್ಪ್ರಿಂಗಿನ ತುಂಡಿನಂಥದು. ಅದು ಆರ್ಮನ್ನು ಕೆಳಗಿನಿಂದ ಮೇಲಕ್ಕೆ ಒತ್ತಿ ಹಿಡಿಯುತ್ತದೆ. ಹಾಗಾಗಿ ಆರ್ಮ್ ಅಲ್ಲಾಡುವುದಿಲ್ಲ, ಬಿಟ್ಟ ಜಾಗದಲ್ಲೇ ನಿಲ್ಲುತ್ತದೆ. ಆರ್ಮ್ ತೆಗೆದು ಗಿಟಾರ್ ಬೋರಲು ಹಾಕಿದರೆ ಸ್ಪ್ರಿಂಗ್ ಉದುರಿಹೋಗುತ್ತದೆ. ನನ್ನದನ್ನು ನಾನೇ ಒಮ್ಮೆ ಕಸದ ಜೊತೆ ಗುಡಿಸಿಬಿಟ್ಟೆ! ಹೊಸ ಸ್ಪ್ರಿಂಗ್ ಸಿಕ್ಕರೆ ಚಿಮ್ಮಟದಿಂದ ಒಳಗಿಳಿಸಿ ಆರ್ಮ್ ತಿರುಗಿಸಿ. ಸಿಗದಿದ್ದರೆ ಹತ್ತಿಯ ಸಣ್ಣ ಉಂಡೆಯೂ ಸದ್ಯಕ್ಕೆ ನಡೆಯುತ್ತದೆ. ಜಾಸ್ತಿ ತುರುಕಬೇಡಿ, ಆರ್ಮಿಗೆ ಹಿಡಿಯಲು ಥ್ರೆಡ್ಡೇ ಉಳಿಯುವುದಿಲ್ಲ.

ಸ್ಪ್ರಿಂಗ್ ಇದ್ದೂ ಸಡಿಲವೇ? ಹಾಗಾದರೆ ನಲ್ಲಿ ಕೆಲಸದವರು ಬಳಸುವ ತೆಳು ಬಿಳಿ ಟೆಫ್ಲಾನ್ ಟೇಪ್ ತನ್ನಿ. ಆರ್ಮಿನ ಥ್ರೆಡ್ ಒರೆಸಿ, ಆ ತುದಿಯನ್ನು ನಿಮ್ಮ ಕಡೆಗೆ ಹಿಡಿದು, ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೆ ಎಳೆದು ಸುತ್ತಿ. ದಿಕ್ಕು ತಪ್ಪಿದರೆ ಆರ್ಮ್ ಒಳಗೆ ಹೋಗುವಾಗ ಟೇಪ್ ಬಿಚ್ಚಿಕೊಂಡು ಮುದ್ದೆಯಾಗುತ್ತದೆ. ಎರಡು ಸುತ್ತು ಸಾಕು. ಉಗುರಿನಿಂದ ಒತ್ತಿ ಥ್ರೆಡ್ಡಿನ ಸಂದಿಗೆ ಕೂರಿಸಿ, ನಿಧಾನವಾಗಿ ತಿರುಗಿಸಿ. ಬೆರಳಿಂದ ತಳ್ಳಿದಾಗ ಆರ್ಮ್ ಸರಿಯಬೇಕು, ಬಿಟ್ಟಾಗ ಅಲ್ಲೇ ನಿಲ್ಲಬೇಕು. ಇನ್ನೂ ಸಡಿಲ ಅನಿಸಿದರೆ ಇನ್ನೊಂದು ಸುತ್ತು. ಕೆಲ ದಿನ ಬಳಸಿದ ಮೇಲೆ ಟೇಪ್ ಸವೆಯುತ್ತದೆ, ಹಳೆಯದನ್ನು ಕಿತ್ತು ಹೊಸದು ಸುತ್ತಿದರೆ ಆಯಿತು. ಅಂಟು ಮಾತ್ರ ಹಾಕಲೇಬೇಡಿ, ಆರ್ಮ್ ಒಳಗೇ ಕಚ್ಚಿಕೊಳ್ಳುತ್ತದೆ.

ನಿಮ್ಮ ಬ್ರಿಡ್ಜ್ ಫ್ಲಾಯ್ಡ್ ರೋಸ್ ಎಂಬ ಇನ್ನೊಂದು ಬಗೆಯದಾದರೆ ಕೆಲಸ ಇನ್ನೂ ಸುಲಭ. ಆರ್ಮಿನ ಬುಡದಲ್ಲಿ ತಿರುಗುವ ಕಾಲರ್ ಇದ್ದರೆ ಕೈಯಿಂದಲೇ ಬಿಗಿ ಮಾಡಿ. ಆಮೇಲೂ ಆಡುತ್ತಿದ್ದರೆ ಒಳಗಿನ ವಾಷರ್ ಸವೆದಿರುತ್ತದೆ, ಬದಲಾಯಿಸಿ. ಒತ್ತಿ ಕೂರಿಸುವ ಆರ್ಮುಗಳಲ್ಲಿ ಕೆಲವಕ್ಕೆ ಪಕ್ಕದಲ್ಲೊಂದು ಸಣ್ಣ ತಿರುಪು ಇರುತ್ತದೆ. ಆಲನ್ ಕೀಯಿಂದ (ಆರು ಮೂಲೆಯ ಕೀ) ಕಾಲು ಸುತ್ತು ತಿರುಗಿಸಿ ನೋಡಿ.

ಹೊಸ ಆರ್ಮ್ ಕೊಳ್ಳುವುದಾದರೆ ಥ್ರೆಡ್ಡಿನ ಅಳತೆ ಖಚಿತ ಮಾಡಿಕೊಳ್ಳಿ. ಅಮೆರಿಕದಲ್ಲಿ ತಯಾರಾದ ಸ್ಟ್ರಾಟೊಕ್ಯಾಸ್ಟರುಗಳಲ್ಲಿ ಸಾಮಾನ್ಯವಾಗಿ ಇಂಚಿನ ಲೆಕ್ಕದ 10-32 ಥ್ರೆಡ್ ಇದ್ದರೆ, ಏಷ್ಯಾದಲ್ಲಿ ತಯಾರಾದ ಎಷ್ಟೋ ಗಿಟಾರುಗಳಲ್ಲಿ 5 ಅಥವಾ 6 ಮಿಲಿಮೀಟರಿನದು. ನೋಡಲು ಎಲ್ಲ ಒಂದೇ ಥರ. ಮೊದಲ ಎರಡು ಸುತ್ತು ಬೆರಳಲ್ಲೇ ಸಲೀಸಾಗಿ ಹೋಗಬೇಕು. ತಡೆದರೆ ಅಲ್ಲಿಗೇ ನಿಲ್ಲಿಸಿ. ಒತ್ತಾಯ ಮಾಡಿದರೆ ಬ್ಲಾಕಿನ ಥ್ರೆಡ್ ಕೆಡುತ್ತದೆ, ಆಮೇಲೆ ಬ್ಲಾಕನ್ನೇ ಬದಲಿಸಬೇಕಾಗಬಹುದು.

ಸಡಿಲ ಆರ್ಮನ್ನು ಹಾಗೇ ಬಿಟ್ಟು ನುಡಿಸುತ್ತಿದ್ದರೆ ಒಂದು ದಿನ ಅದು ಥ್ರೆಡ್ಡಿನ ಬಳಿ ಮುರಿದು, ತುಂಡು ಬ್ಲಾಕಿನೊಳಗೇ ಉಳಿಯಬಹುದು. ಆ ತುಂಡನ್ನು ಇಕ್ಕಳದಲ್ಲಿ ಕೆದಕಲು ಹೋಗದೆ, ಗಿಟಾರ್ ರಿಪೇರಿ ಮಾಡುವವರ ಕೈಗೆ ಕೊಡಿ.