ಓಯಿಥೋನಾ ಏನು ತಿನ್ನುತ್ತದೆ: ನಾನು ಬಾಟಲಿಯಲ್ಲಿ ಅಳೆದ ಬಗೆ

ಕಾರವಾರದ ಕಡಲಲ್ಲಿ ಮಿಲಿಮೀಟರಿಗಿಂತ ಚಿಕ್ಕ ಕೋಪೆಪಾಡ್‌ಗಳದ್ದೇ (ಸಿಗಡಿಯ ದೂರದ ನೆಂಟರಾದ ತೇಲುಜೀವಿಗಳು) ಕಾರುಬಾರು, ಓಯಿಥೋನಾ ಅವುಗಳಲ್ಲೊಂದು. ಇವು ಏನು ತಿನ್ನುತ್ತವೆ ಅಂತ ಅಳೆಯಬೇಕಾದರೆ ಮೊದಲು ಬಲೆ ಸರಿಯಿರಬೇಕು. ರೂಢಿಯ 200 ಮೈಕ್ರಾನ್ (ಮಿಲಿಮೀಟರಿನ ಐದನೇ ಒಂದು ಭಾಗ) ಕಣ್ಣಿನ ಬಲೆಯಲ್ಲಿ ಓಯಿಥೋನಾದಂಥ ಸಪೂರ ಪ್ರಾಣಿಗಳು ಬಹುಪಾಲು ಜಾರಿಹೋಗುತ್ತವೆ, ಅದಕ್ಕೇ ನಾನು 100 ಮೈಕ್ರಾನಿನದು ಬಳಸಿದೆ. ದೋಣಿ ನಿಧಾನಕ್ಕೆ ಹೋಗಬೇಕು, ಬಲೆ ಸ್ವಲ್ಪ ಹೊತ್ತು ಎಳೆದರೆ ಸಾಕು. ಮೀಸೆ ಮುರಿದ ಪ್ರಾಣಿಯಿಂದ ಏನೂ ಗೊತ್ತಾಗೋದಿಲ್ಲ.

ಅದೇ ಜಾಗದ ನೀರಿನಿಂದ ದೊಡ್ಡ ಪ್ರಾಣಿಗಳನ್ನಷ್ಟೇ ಸೋಸಿ ತೆಗೆದು, ಗುಳ್ಳೆ ಉಳಿಯದಂತೆ ಬಾಟಲಿಗಳಿಗೆ ತುಂಬಿದೆ. ಆ ನೀರಲ್ಲಿ ಈಜಾಡುವ ಏಕಕೋಶ ಜೀವಿಗಳಾದ ಸಿಲಿಯೇಟ್‌ಗಳು ತುಂಬಾ ನಾಜೂಕು, ಹಾಗಾಗಿ ನೀರು ಸುರಿಯುವಂತಿಲ್ಲ, ಪೈಪಿನಲ್ಲಿ ಮೆಲ್ಲಗೆ ಇಳಿಸಬೇಕು. ಕೆಲವು ಬಾಟಲಿಗಳಿಗೆ ಕೋಪೆಪಾಡ್ ಬಿಟ್ಟೆ, ಕೆಲವನ್ನು ಹೋಲಿಕೆಗೆ ಹಾಗೇ ಇಟ್ಟೆ. ಡಯಾಟಮ್ (ಈಜಲಾರದ ಏಕಕೋಶ ಪಾಚಿ) ತಳ ಸೇರಬಾರದು ಅಂತ ಎಲ್ಲವನ್ನೂ 24 ಗಂಟೆ ನಿಧಾನ ತಿರುಗುವ ಚಕ್ರಕ್ಕೆ ಕಟ್ಟಿದೆ.

ಮಜಾ ಇರೋದು ಫಲಿತಾಂಶದಲ್ಲಿ. ಓಯಿಥೋನಾ ಇದ್ದ ಬಾಟಲಿಯಲ್ಲಿ ಕ್ಲೋರೋಫಿಲ್, ಅಂದರೆ ಪಾಚಿ ಎಷ್ಟಿದೆ ಅಂತ ತೋರಿಸುವ ಹಸಿರು, ಕಮ್ಮಿಯಾಗೋದು ಬಿಟ್ಟು ಜಾಸ್ತಿಯೇ ಆಗಿತ್ತು! ಹಾಗಂತ ಅವು ಉಪವಾಸ ಇರಲಿಲ್ಲ. ಅವು ಸಿಲಿಯೇಟ್‌ಗಳನ್ನು ತಿಂದವು, ಸಿಲಿಯೇಟ್ ಕಡಿಮೆಯಾದಾಗ ಆ ಸಿಲಿಯೇಟ್‌ಗಳು ತಿನ್ನುತ್ತಿದ್ದ ಸಣ್ಣ ಪಾಚಿ ಉಳಿದು ಬೆಳೆಯಿತು, ಜೊತೆಗೆ ಕೋಪೆಪಾಡ್ ಹೊರಹಾಕುವ ಅಮೋನಿಯಾ ಪಾಚಿಗೆ ಗೊಬ್ಬರವೂ ಆಗುತ್ತದೆ ಅಲ್ವಾ. ಕೋಪೆಪಾಡ್ ಹೊಟ್ಟೆಯ ಹಸಿರನ್ನು ಆಸಿಟೋನಿನಲ್ಲಿ ಇಳಿಸಿ ಫ್ಲೋರೋಮೀಟರಿಗೆ (ಹಸಿರು ಹೊಳೆಯುವುದನ್ನು ಅಳೆಯುವ ಯಂತ್ರ) ಹಿಡಿಯುವ ವಿಧಾನ ಪಾಚಿಯನ್ನಷ್ಟೇ ಲೆಕ್ಕ ಹಾಕೋದರಿಂದ ಅದೂ ಇಂಥ ಊಟವನ್ನು ಸರಿಯಾಗಿ ತೋರಿಸೋದಿಲ್ಲ.

ಸೂಕ್ಷ್ಮದರ್ಶಕದಡಿ ನೋಡಿದರೆ ಕಾರಣ ಕಣ್ಣಿಗೇ ಕಾಣುತ್ತದೆ. ಪ್ಯಾರಾಕಲಾನಸ್ ಎಂಬ ಇನ್ನೊಂದು ಕೋಪೆಪಾಡ್ ಬಾಯಿಯ ಬಳಿಯ ಕಾಲುಗಳನ್ನು ಬಡಿದು ನೀರಿನ ಹರಿವು ಎಬ್ಬಿಸಿಕೊಳ್ಳುತ್ತದೆ. ಆದರೆ ಕೋಪೆಪಾಡ್ ಜರಡಿ ಹಿಡಿದಂತೆ ಸುಮ್ನೆ ಸೋಸುತ್ತದೆ ಅನ್ನೋ ಹಳೇ ನಂಬಿಕೆಯನ್ನು 1981ರಲ್ಲೇ ವಿಜ್ಞಾನಿಗಳಾದ ಕೋಲ್ ಮತ್ತು ಸ್ಟ್ರಿಕ್ಲರ್ ವೇಗದ ಚಿತ್ರೀಕರಣದಿಂದ ತಳ್ಳಿಹಾಕಿದ್ದರು: ಅಷ್ಟು ಚಿಕ್ಕ ಮೈಗೆ ನೀರು ಅಂಟಂಟು, ಕಾಲು ಅಗಲಿಸಿ ನೀರಿನ ತುಣುಕನ್ನೇ ಹಿಡಿದು ಒಳಗೆಳೆಯಬೇಕು. ಓಯಿಥೋನಾ ಹರಿವು ಎಬ್ಬಿಸೋದೇ ಇಲ್ಲ. ಮೀಸೆ ಚಾಚಿ ಅಲ್ಲಾಡದೆ ತೇಲುತ್ತದೆ, ಹತ್ತಿರ ಏನಾದರೂ ಈಜಿದರೆ ನೀರಿನ ಅಲುಗಾಟ ಮೀಸೆಯ ಕೂದಲಿಗೆ ತಟ್ಟುತ್ತದೆ, ತಕ್ಷಣ ಹಾರಿ ಹಿಡಿಯುತ್ತದೆ. ಈಜದ ಡಯಾಟಮ್ ಅದಕ್ಕೆ ಗೊತ್ತಾಗೋದು ಕಷ್ಟ. ಅಕಾರ್ಟಿಯಾ ಟೋನ್ಸಾ ಎಂಬ ಮತ್ತೊಂದು ಕೋಪೆಪಾಡ್ ಮಾತ್ರ ಜಾಣ, ಸಿಗುವ ಆಹಾರ ನೋಡಿ ಎರಡೂ ಆಟ ಆಡುತ್ತದೆ.

ಹಾಗಾಗಿ ಸಿಲಿಯೇಟ್ ಎಣಿಸದೆ ಗತಿಯಿಲ್ಲ. ಬೇಜಾರಿನ ಕೆಲಸ, ಕುತ್ತಿಗೆ ನೋವು ಬೇರೆ. ಲುಗಾಲ್ ದ್ರಾವಣ (ಜೀವಿಗಳು ಕೆಡದಂತೆ ಉಳಿಸುವ ಅಯೋಡಿನ್ ದ್ರಾವಣ) ಹಾಕಿದ ಸ್ಯಾಂಪಲನ್ನು ಕತ್ತಲಲ್ಲಿಡಿ, ಕಂದು ಬಣ್ಣ ತಿಳಿಯಾದರೆ ಇನ್ನಷ್ಟು ಹನಿ ಸೇರಿಸಿ.