ಸೆಬೆಂಜಾಗೆ ನೀಲಿ ಬಣ್ಣ ಹಾಕಿದೆ, ವಾರಂಟಿ ಏನಾಯಿತು?

ನಾನೂರು ಡಾಲರಿಗೂ ಮೇಲೆ ಕೊಟ್ಟು ಸೆಬೆಂಜಾದಂಥ ಮಡಚುವ ಚಾಕು ತಂದವರು ಮೊದಲು ಅದರಿಂದ ಏನಾದರೂ ಕತ್ತರಿಸಿ ನೋಡುತ್ತಾರೆ. ನಾನು ಮೊದಲು ವಾರಂಟಿ ಓದಿದೆ. ಕೊಳ್ಳುವಾಗಲೇ ಅದರ ಬೂದು ಟೈಟಾನಿಯಂ ಹಿಡಿಯನ್ನು ನೀಲಿ ಮಾಡುವುದೆಂದು ತೀರ್ಮಾನವಾಗಿತ್ತು. ಹಾಗಾಗಿ ಬಣ್ಣ ಹಾಕಿದ ಮೇಲೆ ಈ ಚಾಕುವಿಗೆ ದಿಕ್ಕು ಯಾರು ಅನ್ನುವುದು ಮೊದಲೇ ಗೊತ್ತಿರಬೇಕಿತ್ತು.

ನಾನಿರುವುದು ಅಮೆರಿಕದ ಐಡಾಹೋ ರಾಜ್ಯದ ಬಾಯ್ಸಿಯಲ್ಲಿ. ನಮ್ಮ ಕಡೆಯವರು ಈ ಊರಿಗೆ ಬರುವುದು ಹೆಚ್ಚಾಗಿ ಮೆಮೊರಿ ಚಿಪ್ ಕೆಲಸಕ್ಕೆ, ನಾನೂ ಹಾಗೇ ಬಂದವನು. ಚಾಕು ಹುಚ್ಚಿರುವವರಿಗೆ ಮಾತ್ರ ಬಾಯ್ಸಿ ಅಂದರೆ ಸೆಬೆಂಜಾ ಮಾಡಿದ ಕ್ರಿಸ್ ರೀವ್. ದಕ್ಷಿಣ ಆಫ್ರಿಕಾದವರಾದ ಅವರು 1989ರಲ್ಲಿ ಇಲ್ಲಿಗೆ ಬಂದು ನೆಲೆಸಿದರು. ಅವರ ಸೆಬೆಂಜಾದಿಂದ ಹರಡಿದ ಲಾಕನ್ನೇ ಇವತ್ತು ಎಲ್ಲರೂ ಫ್ರೇಮ್ ಲಾಕ್ ಅನ್ನುತ್ತಾರೆ. ಹಿಡಿಯ ಒಂದು ಪಕ್ಕೆಯಲ್ಲೇ ಉದ್ದಕ್ಕೆ ಸೀಳು ಬಿಟ್ಟಿರುತ್ತಾರೆ. ಆ ಪಟ್ಟಿ, ಅಂದರೆ ಲಾಕ್ ಬಾರ್, ಸ್ಪ್ರಿಂಗಿನ ಹಾಗೆ ಒಳಕ್ಕೆ ಸರಿದು, ತೆರೆದ ಬ್ಲೇಡ್ ತಾನೇ ಮಡಚಿಕೊಳ್ಳದ ಹಾಗೆ ಅದರ ಹಿಂಬದಿಗೆ ಒತ್ತಿ ನಿಲ್ಲುತ್ತದೆ. ನನ್ನದು ಸೆಬೆಂಜಾ 31.

ಚಾಕು ಕಂಪನಿಗಳ ವಾರಂಟಿ ಚೀಟಿಗಳೆಲ್ಲ ಹೆಚ್ಚುಕಡಿಮೆ ಒಂದೇ ಮಾತು ಹೇಳುತ್ತವೆ. ಲೋಹದಲ್ಲೋ ಕೆಲಸದಲ್ಲೋ ದೋಷವಿದ್ದರೆ ಸರಿಮಾಡಿಕೊಡುತ್ತೇವೆ. ಸವೆತ, ದುರ್ಬಳಕೆ, ಹೊರಗೆ ಮಾಡಿಸಿದ ಮಾರ್ಪಾಡು ನಮಗೆ ಸೇರಿದ್ದಲ್ಲ. ‘ಜೀವನಪರ್ಯಂತ’ ಎಂದು ಬರೆದಿದ್ದರೂ ಅದರ ಹಿಂದೆ ಈ ಮೂರೂ ಇದ್ದೇ ಇರುತ್ತವೆ. ಇಲ್ಲಿನ ಜನ ತಕ್ಷಣ ಮ್ಯಾಗ್ನುಸನ್–ಮಾಸ್ ಕಾಯ್ದೆ ಎತ್ತುತ್ತಾರೆ. 1975ರ ಫೆಡರಲ್ ಕಾನೂನು ಅದು. ಬೇರೆಯವರ ಬಿಡಿಭಾಗ ಹಾಕಿದ್ದೀರಿ ಅನ್ನುವ ಒಂದೇ ನೆಪಕ್ಕೆ ಇಡೀ ವಾರಂಟಿ ರದ್ದು ಮಾಡುವ ಹಾಗಿಲ್ಲ ಅನ್ನುವುದು ಅದರ ತಿರುಳು. 2018ರಲ್ಲಿ ಫೆಡರಲ್ ಟ್ರೇಡ್ ಕಮಿಷನ್ ಇದೇ ಕಾಯ್ದೆ ತೋರಿಸಿ ಆರು ಕಂಪನಿಗಳಿಗೆ ಎಚ್ಚರಿಕೆಯ ಪತ್ರವನ್ನೂ ಕಳಿಸಿತ್ತು. ವಾದಕ್ಕೆ ಇದೆಲ್ಲ ಸರಿ. ನನ್ನ ಹಿಡಿಗೆ ಬಣ್ಣ ಬಳಿದದ್ದಕ್ಕೆ ಬ್ಲೇಡಿನ ಸ್ಟೀಲಿನ ದೋಷವನ್ನು ನಿರಾಕರಿಸಲಾಗದು ಎಂದು ಕಾನೂನಿನ ಪ್ರಕಾರ ವಾದಿಸಬಹುದು. ಆದರೆ ಐದು ವರ್ಷ ಬಳಸಿದ ಚಾಕುವಿನಲ್ಲಿ ನಮಗೆ ಬೇಕಾಗುವುದು ದೋಷದ ತೀರ್ಪಲ್ಲವಲ್ಲ! ಸ್ವಚ್ಛ ಮಾಡಿಸುವುದು, ಸಾಣೆ, ಸವೆದ ವಾಷರ್, ಸಡಿಲಾದ ಲಾಕ್, ಹೊಸ ಬ್ಲೇಡ್ ಇಂಥವು. ಇವು ಸರ್ವಿಸ್. ಕಂಪನಿ ಒಲವಿಂದಲೋ ದುಡ್ಡು ತೆಗೆದುಕೊಂಡೋ ಮಾಡಿಕೊಡುವ ಕೆಲಸ. ಅದನ್ನು ಮಾಡಲೇಬೇಕೆಂದು ಯಾವ ಕಾಯ್ದೆಯೂ ಒತ್ತಾಯಿಸುವುದಿಲ್ಲ.

ಹಾಗಾಗಿ ಏನೇ ಮಾಡುವ ಮುಂಚೆ ತಯಾರಕರಿಗೆ ಒಂದು ಮೇಲ್ ಹಾಕುವುದು ನನ್ನ ಪದ್ಧತಿ. ‘ಇದರಿಂದ ವಾರಂಟಿ ಹೋಗುತ್ತದಾ?’ ಎಂದು ಕೇಳಿದರೆ ‘ಹೋಗುತ್ತದೆ’ ಅನ್ನುವ ಒಂದು ಸಾಲು ಬರುತ್ತದೆ, ಅದರಿಂದ ಏನೂ ತಿಳಿಯುವುದಿಲ್ಲ. ‘ಹೀಗೆ ಮಾಡಿದ ಚಾಕು ನಿಮ್ಮ ಬೆಂಚಿಗೆ ಬಂದರೆ ಏನು ಮಾಡುತ್ತೀರಿ?’ ಎಂದು ಕೇಳಿದರೆ ಉಪಯೋಗಕ್ಕೆ ಬರುವ ಉತ್ತರ ಸಿಗುತ್ತದೆ: ಮುಟ್ಟುವುದೇ ಇಲ್ಲವೋ, ಮುಟ್ಟಿ ಮೂಲ ಸ್ಥಿತಿಗೆ ತರುತ್ತಾರೋ, ಅಥವಾ ಆ ಭಾಗ ಬಿಟ್ಟು ಉಳಿದದ್ದನ್ನು ನೋಡುತ್ತಾರೋ. ಆ ಮೇಲ್ ಅನ್ನು ಚಾಕುವಿನ ಬಿಲ್ಲಿನ ಜೊತೆಗೇ ಇಡುತ್ತೇನೆ.

ಇನ್ನು ಬಣ್ಣದ ವಿಷಯ. ಟೈಟಾನಿಯಂ ಆನೋಡೈಸ್ ಮಾಡುವುದಕ್ಕೆ, ಅಂದರೆ ದ್ರಾವಣದಲ್ಲಿ ಮುಳುಗಿಸಿ ಕರೆಂಟ್ ಹಾಯಿಸಿ ಬಣ್ಣ ಬರಿಸುವುದಕ್ಕೆ, ಬಳಿಯುವ ಬಣ್ಣವೇ ಬೇಕಿಲ್ಲ. ಮೇಲ್ಮೈಯಲ್ಲಿ ಬೆಳೆಯುವ ಆಕ್ಸೈಡ್ ಪದರ ಎಷ್ಟು ದಪ್ಪವೋ ಬೆಳಕು ಅದಕ್ಕೆ ತಕ್ಕ ಬಣ್ಣ ತೋರಿಸುತ್ತದೆ. ಸಿಲಿಕಾನ್ ವೇಫರ್ ಮೇಲಿನ ಆಕ್ಸೈಡಿನ ದಪ್ಪವನ್ನು ಬಣ್ಣ ನೋಡಿಯೇ ಅಂದಾಜು ಮಾಡುವ ನಮ್ಮಂಥವರಿಗೆ ಇದು ದಿನಾ ನೋಡುವ ವ್ಯವಹಾರ. ದಪ್ಪವನ್ನು ನಿರ್ಧರಿಸುವುದು ವೋಲ್ಟೇಜ್, ಒಂದು ವೋಲ್ಟಿಗೆ ಸುಮಾರು 2 ನ್ಯಾನೋಮೀಟರ್. ಹದಿನೈದರ ಹತ್ತಿರ ಕಂಚಿನ ಬಣ್ಣ, 20 ದಾಟಿದರೆ ನೇರಳೆ, 25ರಿಂದ 30ರೊಳಗೆ ಕಡುನೀಲಿ. ಐವತ್ತೈದರ ಹೊತ್ತಿಗೆ ಹಳದಿ. ಹಸಿರು ಬೇಕೆಂದರೆ 100ರ ಆಸುಪಾಸು ಹೋಗಬೇಕು, ಒದ್ದೆ ಕೈಯಲ್ಲಿ ಆ ವೋಲ್ಟೇಜಿನ ಸಹವಾಸ ನನಗೆ ಬೇಡ.

ಚಾಕು ಬಿಚ್ಚುವುದು ಸೆಬೆಂಜಾದಲ್ಲಿ ಅಪರಾಧವಲ್ಲ. ಬಿಚ್ಚುವ ಅಲನ್ ಕೀ ಪೆಟ್ಟಿಗೆಯಲ್ಲೇ ಬರುತ್ತದೆ. ಮಾಲೀಕನೇ ಬಿಚ್ಚಿ ತೊಳೆಯಲಿ ಅನ್ನುವ ಲೆಕ್ಕದಲ್ಲೇ ಅದನ್ನು ಮಾಡಿರುವುದು. ಬ್ಲೇಡ್ ತಿರುಗುವ ಕೀಲಾದ ಪಿವಟ್ ಒಳಗೊಂದು ಬುಶಿಂಗ್, ಅಂದರೆ ಲೋಹದ ಪುಟ್ಟ ಕೊಳವೆ, ಇದೆ. ಅದರ ಉದ್ದ ಬ್ಲೇಡಿನ ದಪ್ಪಕ್ಕೆ, ಎರಡು ವಾಷರಿಗೆ ಸರಿಯಾಗಿ ಕೂತಿರುವುದರಿಂದ ಸ್ಕ್ರೂವನ್ನು ಪೂರಾ ಬಿಗಿದರೂ ಬ್ಲೇಡ್ ಸಲೀಸಾಗಿ ತಿರುಗುತ್ತದೆ. ಎಲ್ಲ ಕಂಪನಿಯ ಚಾಕುಗಳಲ್ಲೂ ಬಿಚ್ಚುವುದಕ್ಕೆ ಇಂಥ ಸಲುಗೆ ಇಲ್ಲ. ಕೆಲವರ ಚೀಟಿಯಲ್ಲಿ ಬಿಚ್ಚಿದರೇ ವಾರಂಟಿ ಮುಗಿಯಿತು ಎಂದಿರುತ್ತದೆ, ಅದನ್ನು ನೋಡಿಕೊಂಡೇ ಸ್ಕ್ರೂಗೆ ಕೈ ಹಾಕಬೇಕು.

ಬಿಚ್ಚಿದ ಮೇಲೆ ಹಿಡಿಯ ಪಕ್ಕೆಗಳಲ್ಲಿ ಸ್ಟೀಲಿನ ಚೂರೂ ಉಳಿಯಬಾರದು. ಕ್ಲಿಪ್, ಸ್ಕ್ರೂ, ಪಿನ್ ಎಲ್ಲ ಹೊರಗೆ. ದ್ರಾವಣದಲ್ಲಿ ಸ್ಟೀಲ್ ಇದ್ದರೆ ಕರೆಂಟೆಲ್ಲ ಅದರ ಮೂಲಕವೇ ಹರಿದು, ಸ್ಟೀಲ್ ಕೊರೆದು ಹೋಗುತ್ತದೆ, ಟೈಟಾನಿಯಂ ಬೂದಾಗಿಯೇ ಉಳಿಯುತ್ತದೆ. ಪಾತ್ರೆ ಸೋಪಿನಲ್ಲಿ ಉಜ್ಜಿ, ಅಸಿಟೋನಿನಲ್ಲಿ ಒರೆಸಿ, ಅಲ್ಲಿಂದಾಚೆಗೆ ಗ್ಲೌಸ್ ಇಲ್ಲದೆ ಮುಟ್ಟಲಿಲ್ಲ. ಬೆರಳಚ್ಚು ಬಿದ್ದರೆ ಅದೇ ಆಕಾರದ ಕಲೆ ಬಣ್ಣದಲ್ಲಿ ಮೂಡುತ್ತದೆ. ಡಿಸ್ಟಿಲ್ಡ್ ನೀರಿಗೆ ಒಂದಿಷ್ಟು ಬೋರಾಕ್ಸ್, ನೆಗೆಟಿವ್ ಕಡೆಗೆ ಟೈಟಾನಿಯಂ ತಗಡು, ಪಾಸಿಟಿವ್ ಕಡೆಗೆ ಟೈಟಾನಿಯಂ ತಂತಿಯಲ್ಲಿ ನೇತು ಹಾಕಿದ ಪಕ್ಕೆ. ವೋಲ್ಟೇಜ್ ಕೊಡುವ ಬೆಂಚ್ ಸಪ್ಲೈಯನ್ನು ಕೆಳಗಿನಿಂದ ಮೇಲಕ್ಕೆ ನಿಧಾನಕ್ಕೆ ಏರಿಸಿದೆ. ಮೇಲೆ ಹೋಗುವುದು ಸುಲಭ, ಇಳಿಯಬೇಕೆಂದರೆ ಪದರವನ್ನೇ ಕಿತ್ತು ಮತ್ತೆ ಶುರು ಮಾಡಬೇಕು. ಮೊದಲು ಗುಳ್ಳೆ ಎದ್ದವು, ಆಂಪಿಯರ್ ಮುಳ್ಳು ಮೇಲೆ ಹಾರಿತು. ಪದರ ಬೆಳೆದು ಕರೆಂಟಿಗೆ ಅಡ್ಡವಾಗುತ್ತಿದ್ದ ಹಾಗೆ ಮುಳ್ಳು ತಾನೇ ಕೆಳಗೆ ಬಂತು. ಕಂಚು, ನೇರಳೆ ದಾಟಿ 28 ವೋಲ್ಟಿಗೆ ನಿಲ್ಲಿಸಿದಾಗ ಮಾಗಿದ ನೇರಳೆ ಹಣ್ಣಿನ ಸಿಪ್ಪೆಯಲ್ಲಿ ಕಾಣುವಂಥ ನೀಲಿ. ಬ್ಲಾಸ್ಟ್ ಮಾಡಿದ, ಅಂದರೆ ಸಣ್ಣ ಕಣಗಳನ್ನು ರಭಸದಿಂದ ಚಿಮ್ಮಿಸಿದ ಒರಟು ಮೇಲ್ಮೈಯಾದ್ದರಿಂದ ಹೊಳಪಿಲ್ಲ, ನನಗೆ ಬೇಕಿದ್ದದ್ದೂ ಅದೇ.

ಐವತ್ತು ಚಿಲ್ಲರೆ ನ್ಯಾನೋಮೀಟರಿನ ಪದರದಿಂದ ಚಾಕುವಿನ ಅಳತೆ ಏನೂ ಬದಲಾಗುವುದಿಲ್ಲ. ಹಾಗಿದ್ದರೂ ತಯಾರಕರು ಯಾಕೆ ಮುಖ ಸಿಂಡರಿಸುತ್ತಾರೆ? ಕಾರಣ ಲಾಕ್. ಹಲವು ಫ್ರೇಮ್ ಲಾಕುಗಳಲ್ಲಿ ಲಾಕ್ ಬಾರಿನ ತುದಿ ಬ್ಲೇಡಿಗೆ ತಾಗುವ ಜಾಗದಲ್ಲಿ ಟೈಟಾನಿಯಂ ನೇರವಾಗಿ ಸ್ಟೀಲಿಗೆ ಒತ್ತುತ್ತದೆ. ಅಲ್ಲಿ ಆಕ್ಸೈಡ್ ಬೆಳೆದರೆ ಲಾಕ್ ಕಚ್ಚಿಕೊಳ್ಳುವುದುಂಟು. ಮಡಚಲು ಹೋದರೆ ಹೆಬ್ಬೆರಳು ನೋಯುವಷ್ಟು ಗಟ್ಟಿ. ಹಳೆಯ ಸೆಬೆಂಜಾ 21ಕ್ಕೆ ಬಣ್ಣ ಹಾಕುವವರು ಆ ತುದಿಗೆ ನೇಲ್ ಪಾಲಿಶ್ ಬಳಿದು ಮುಚ್ಚಲೇಬೇಕು. 31ರಲ್ಲಿ ಬ್ಲೇಡಿಗೆ ತಾಗುವುದು ಲಾಕ್ ತುದಿಯಲ್ಲಿ ಕೂರಿಸಿದ ಸೆರಾಮಿಕ್ ಗುಂಡು, ಅದಕ್ಕೆ ಆನೋಡೈಸ್ ಹತ್ತುವುದಿಲ್ಲ. ನಾನು ಆದರೂ ಸುತ್ತ ನೇಲ್ ಪಾಲಿಶ್ ಹಚ್ಚಿದೆ. ಬೆಂಚಿನ ಮೇಲೆ ಬಿಚ್ಚಿದವನಿಗೆ ‘ಲಾಕ್ ಮುಟ್ಟಿಲ್ಲ’ ಎಂದು ಒಂದೇ ನೋಟಕ್ಕೆ ಕಾಣಬೇಕು.

ನೀಲಿ ಹಿಡಿಯ ಚಾಕು ಸರ್ವಿಸಿಗೆ ಹೋದರೆ ಏನಾಗುತ್ತದೆ ಅನ್ನುವುದು ಊಹೆಯ ಮಾತಲ್ಲ. ಗೀರು ಬಿದ್ದ ಹಿಡಿಯನ್ನು ಹೊಸತು ಮಾಡುವುದೆಂದರೆ ಮತ್ತೆ ಬ್ಲಾಸ್ಟ್ ಮಾಡುವುದು, ಬ್ಲಾಸ್ಟ್ ಮಾಡಿದರೆ ಆ ತೆಳು ಪದರ ಕ್ಷಣದಲ್ಲಿ ಹೋಗುತ್ತದೆ. ಚಾಕು ಬೂದಾಗಿ ವಾಪಸ್ ಬರುತ್ತದೆ. ಬಣ್ಣಕ್ಕೆ ಕಂಪನಿ ಹೊಣೆಯಲ್ಲ, ಹೊಣೆಯಾಗಬೇಕೆಂದು ಕೇಳುವುದೂ ತಪ್ಪು. ನನ್ನ ಮಟ್ಟಿಗೆ ಇದೇ ಈ ಮಾರ್ಪಾಡಿನ ಗುಣ: ಯಾರು ಬೇಕಾದರೂ ಅಳಿಸಬಹುದು, ಅಳಿಸಿದ ಮೇಲೆ ಚಾಕು ಅವರ ಡ್ರಾಯಿಂಗಿಗೆ ಸರಿಯಾಗಿಯೇ ಇರುತ್ತದೆ. ಸಾಣೆಯದೂ ಇದೇ ಕತೆ. ಕಲ್ಲಿನ ಮೇಲೆ ನನಗೆ ಬೇಕಾದ ಕೋನ ಕೊಟ್ಟುಕೊಂಡಿದ್ದೇನೆ; ಫ್ಯಾಕ್ಟರಿಯಲ್ಲಿ ಹಿಡಿದರೆ ಅವರ ಕೋನವೇ ವಾಪಸ್ ಬರುತ್ತದೆ. ಬೇಡವೆಂದರೆ ಚೀಟಿಯಲ್ಲಿ ‘ಸಾಣೆ ಬೇಡ, ಹಿಡಿ ಬ್ಲಾಸ್ಟ್ ಬೇಡ’ ಎಂದು ಬರೆದೇ ಕಳಿಸಬೇಕು.

ಬ್ಲೇಡ್ ರೀಗ್ರೈಂಡ್ ಬೇರೆ ಲೋಕ. ಬ್ಲೇಡನ್ನು ಬೆಲ್ಟ್ ಗ್ರೈಂಡರಿನಲ್ಲಿ ತೆಳ್ಳಗೆ ಮಾಡಿಸಿದರೆ ಕತ್ತರಿಸುವ ಸುಖವೇ ಬೇರೆ, ಇದನ್ನು ಒಪ್ಪುತ್ತೇನೆ. ಆದರೆ ಮ್ಯಾಗ್ನಾಕಟ್‌ನಂಥ ಬ್ಲೇಡ್ ಸ್ಟೀಲುಗಳನ್ನು ಸಾಮಾನ್ಯವಾಗಿ 200 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಟೆಂಪರ್ ಮಾಡಿರುತ್ತಾರೆ, ಅಂದರೆ ಗಟ್ಟಿಮಾಡಿದ ಸ್ಟೀಲನ್ನು ಹದವಾಗಿ ಕಾಯಿಸಿ ಪೆಡಸುತನ ತೆಗೆದಿರುತ್ತಾರೆ. ನೀರಿಲ್ಲದೆ ಓಡುವ ಬೆಲ್ಟಿನಲ್ಲಿ ಅಂಚಿನ ತೆಳುಭಾಗ ಆ ಶಾಖವನ್ನು ಸಲೀಸಾಗಿ ದಾಟಬಹುದು. ಸ್ಟೇನ್‌ಲೆಸ್ ಆದ್ದರಿಂದ ಬಣ್ಣ ಬದಲಾಗಿ ಎಚ್ಚರಿಸುತ್ತದೆ ಎಂದು ನೆಚ್ಚಿಕೊಳ್ಳುವ ಹಾಗಿಲ್ಲ, ಕಣ್ಣಿಗೆ ಕಾಣದೆಯೇ ಅಂಚು ಮೆತ್ತಗಾಗಿರಬಹುದು. ಆಮೇಲೆ ಅಂಚು ಉರುಳಿತು, ಚಕ್ಕೆ ಎದ್ದಿತು ಎಂದು ಕಳಿಸಿದರೆ ದೋಷ ಮೂಲ ಹೀಟ್ ಟ್ರೀಟ್‌ಮೆಂಟಿನದೋ ಗ್ರೈಂಡರ್ ಹಿಡಿದವನದೋ ಎಂದು ತಯಾರಕ ಹೇಗೆ ಹೇಳಬೇಕು? ಇಲ್ಲಿ ವಾರಂಟಿ ನಿರಾಕರಿಸಿದರೆ ನಾನು ಕಂಪನಿಯ ಪಕ್ಷ.

ನನ್ನ ಬಳಿ ಬಂದ ಇನ್ನೊಂದು ಫ್ರೇಮ್ ಲಾಕ್ ಹೀಗೇ ಆಯಿತು. ಸೆಕೆಂಡ್ ಹ್ಯಾಂಡ್ ಕೊಂಡದ್ದು, ಬ್ರ್ಯಾಂಡ್ ಹೆಸರು ಬೇಡ. ತೆಳ್ಳಗೆ ರೀಗ್ರೈಂಡ್ ಆಗಿತ್ತು, ಮಾರಿದವನು ಅದನ್ನು ಹೆಮ್ಮೆಯಿಂದಲೇ ಹೇಳಿದ್ದ. ಲಾಕ್ ಅಲ್ಲಾಡುತ್ತದೆ ಎಂದು ತಯಾರಕರಿಗೆ ಕಳಿಸಿದೆ. ಅಲ್ಲಾಡುವ ಲಾಕಿಗೂ ಬ್ಲೇಡಿನ ಅಂಚಿಗೂ ಸಂಬಂಧವಿಲ್ಲ. ಆದರೂ ಚಾಕು ಬಿಚ್ಚದೆಯೇ ವಾಪಸ್ ಬಂತು, ಜೊತೆಗೆ ‘ಮಾರ್ಪಾಡಾಗಿರುವುದರಿಂದ ಸರ್ವಿಸ್ ಸಾಧ್ಯವಿಲ್ಲ’ ಅನ್ನುವ ಚೀಟಿ. ಕಾಯ್ದೆಯ ಹೆಸರು ಹೇಳಿ ಮೇಲ್ ಬರೆದೆ. ಬಂದ ಉತ್ತರದ ಪ್ರಕಾರ ನಾನು ಮೊದಲ ಮಾಲೀಕನೇ ಅಲ್ಲ, ವಾರಂಟಿಯ ಮಾತೇ ಬರುವುದಿಲ್ಲ. ಮೊದಲ ಖರೀದಿದಾರನಿಗೆ ಮಾತ್ರ ಅನ್ನುವ ಸಾಲು ಬಹಳ ಚೀಟಿಗಳಲ್ಲಿ ಇರುತ್ತದೆ. ಕೊನೆಗೆ ಲಾಕ್ ಕೆಲಸ ಮಾಡಿಕೊಟ್ಟದ್ದು ಒಬ್ಬ ಸ್ವತಂತ್ರ ಮೆಕ್ಯಾನಿಕ್. ಇಂಥವರನ್ನು ಇಲ್ಲಿ ಮಾಡರ್ ಅನ್ನುತ್ತಾರೆ. ಕೆಲಸ ಚೆನ್ನಾಗಿತ್ತು. ಅಲ್ಲಿಗೆ ಆ ಚಾಕುವಿನ ಖಾಯಂ ವೈದ್ಯ ಅವನೇ ಆದ. ಅವನು ಅಂಗಡಿ ಮುಚ್ಚಿದರೆ ಮುಗಿಯಿತು.

ಇನ್ನೊಂದು ದಾರಿಯನ್ನು ತಯಾರಕರೇ ಬಿಟ್ಟುಕೊಟ್ಟಿರುವುದೂ ಉಂಟು. ಒಹಾಯೋದ ರಿಕ್ ಹಿಂಡರರ್ ಅವರ ಎಕ್ಸ್‌ಎಂ-18 ತೆಗೆದುಕೊಳ್ಳಿ. ಲಾಕ್ ಇರುವ ಪಕ್ಕೆ ಟೈಟಾನಿಯಂ, ಎದುರು ಪಕ್ಕೆಯ ಮೇಲೆ ಬಿಚ್ಚಿ ಬದಲಾಯಿಸಬಹುದಾದ ಸ್ಕೇಲ್, ಅಂದರೆ ಹಿಡಿಯ ಹೊರಹಲಗೆ. ಜಿ-10, ಮೈಕಾರ್ಟಾ ಅನ್ನುವ ರಾಳದ ಹಲಗೆಗಳ ಸ್ಕೇಲುಗಳನ್ನು ಕಂಪನಿಯೇ ಮಾರುತ್ತದೆ, ಬಿಡಿ ಸ್ಕ್ರೂಗಳನ್ನೂ. ಇಂಥ ಚಾಕುವಿನಲ್ಲಿ ಸಿಂಗಾರದ ಆಸೆಯನ್ನೆಲ್ಲ ಸ್ಕೇಲಿನ ಮೇಲೆ ತೀರಿಸಿಕೊಂಡು, ಸರ್ವಿಸಿಗೆ ಕಳಿಸುವ ದಿನ ಮೂಲ ಸ್ಕೇಲ್ ಹಾಕಿ ಕಳಿಸಬಹುದು. ಮೋಸವೇನಲ್ಲ, ಅವರ ಬೆಂಚಿಗೆ ಅವರ ಭಾಗಗಳೇ ಹೋದರೆ ಇಬ್ಬರಿಗೂ ಕೆಲಸ ಹಗುರ. ಲಾಕನ್ನು ತಿದ್ದಿಸಿ ಅದನ್ನು ಮುಚ್ಚಿಟ್ಟು ಕಳಿಸಿದರೆ ಅದು ಮೋಸ, ಬಿಚ್ಚಿದ ಕೂಡಲೇ ಗೊತ್ತೂ ಆಗುತ್ತದೆ.

ನನ್ನ ಡ್ರಾಯರಿನಲ್ಲಿ ಪ್ರತಿ ಚಾಕುವಿಗೂ ಒಂದು ಜಿಪ್ ಕವರ್ ಇದೆ. ಬಿಚ್ಚಿದ ಮೂಲ ಕ್ಲಿಪ್, ಸ್ಕ್ರೂ, ವಾಷರ್ ಅದರೊಳಗೆ, ಮೇಲೆ ಮಾರ್ಕರಿನಲ್ಲಿ ಏನೇನು ಬದಲಾಯಿತು ಎಂಬ ಬರಹ. ಸ್ಕ್ರೂ ಸಡಿಲವಾಗದಂತೆ ಹಿಡಿಯುವ ಅಂಟು, ಥ್ರೆಡ್‌ಲಾಕರ್, ಹಾಕುವುದಿದ್ದರೆ ನೀಲಿಯದನ್ನು ಮಾತ್ರ, ಅದೂ ಒಂದು ಹನಿಗಿಂತ ಕಡಿಮೆ. ಕೆಂಪನ್ನು ಬಿಡಿಸಲು 250 ಡಿಗ್ರಿ ದಾಟಿ ಕಾಯಿಸಬೇಕು. ಅಷ್ಟು ಶಾಖ ಕೊಟ್ಟರೆ ಮೇಲೆ ಹೇಳಿದ ಟೆಂಪರಿನ ಕತೆ ಏನಾದೀತು ನೀವೇ ಯೋಚಿಸಿ. ಸ್ಕ್ರೂ ತಲೆ ಸವೆದರಂತೂ ಸರ್ವಿಸ್ ಮಾಡುವವನು ಡ್ರಿಲ್ ಹಿಡಿಯಬೇಕು, ಆ ಖರ್ಚು ನಮ್ಮ ತಲೆಗೇ.

ಬೆಂಗಳೂರಿನ ಗೆಳೆಯನೊಬ್ಬ ನನ್ನ ನೀಲಿ ಹಿಡಿಯ ಫೋಟೋ ನೋಡಿ ತಾನೂ ಸೆಬೆಂಜಾ ಕೊಂಡ. ಈಗ ಬಣ್ಣ, ರೀಗ್ರೈಂಡ್, ಹೊಸ ವಾಷರ್ ಎಲ್ಲ ಒಟ್ಟಿಗೆ ಮಾಡಿಸುವ ಉಮೇದಿನಲ್ಲಿದ್ದಾನೆ. ನನಗಾದರೆ ಫ್ಯಾಕ್ಟರಿ ಇದೇ ಊರಿನಲ್ಲಿದೆ. ಅವನ ಚಾಕು ಸಮುದ್ರ ದಾಟಿ ಬಂದು ಮತ್ತೆ ದಾಟಿ ಹೋಗಬೇಕು, ಕೊರಿಯರ್ ಖರ್ಚಿನ ಜೊತೆಗೆ ವಾಪಸ್ ಬರುವಾಗ ಕಸ್ಟಮ್ಸಿಗೆ ಉತ್ತರ ಕೊಡುವ ತಲೆನೋವು ಬೇರೆ. ಅವನಿಗೆ ವಾರಂಟಿಗಿಂತ ಬಿಡಿಭಾಗ ಮುಖ್ಯ. ಬಣ್ಣ ಹಾಕು, ಬ್ಲೇಡ್ ಮತ್ತು ಬುಶಿಂಗ್ ಮುಟ್ಟಬೇಡ ಎಂದಿದ್ದೇನೆ. ಡಿಸೆಂಬರಿಗೆ ಊರಿಗೆ ಬರುವಾಗ ಚೆಕ್-ಇನ್ ಬ್ಯಾಗಿನಲ್ಲಿ ಒಂದು ಸುರುಳಿ ಟೈಟಾನಿಯಂ ತಂತಿ ತರುತ್ತೇನೆ. ಬೋರಾಕ್ಸ್ ಅವನೇ ಹುಡುಕಿಕೊಳ್ಳಲಿ.